ಒರಳು ಅಕ್ಕನದು, ಗುಂಡು ನನ್ನದು

ನಮ್ಮೂರಿನಲ್ಲಿ ಪಕ್ಕದ ಮನೆಗೆ ಏಣಿ ಕೇಳಲು ಹೋಗುವವರು ಬರಿಗೈಯಲ್ಲಿ ಹೋಗುವುದಿಲ್ಲ. ಅರ್ಧ ಬಿಡಿಸಿದ ಅವರೆಕಾಯಿಯ ಮೊರವನ್ನೋ, ಅರ್ಧ ಹೆಣೆದ ಸ್ವೆಟರನ್ನೋ, ಅರ್ಧ ಕಟ್ಟಿದ ಹೂವಿನ ಮಾಲೆಯನ್ನೋ ಹಿಡಿದುಕೊಂಡು ಹೋಗುತ್ತಾರೆ. ಮೊನ್ನೆ ಅಂಚೆಯವನು ಒಂದು ಸಹಿ ಹಾಕಿಸಿಕೊಳ್ಳಲು ಬಂದಾಗ ಕಂಕುಳಲ್ಲಿ ಅರ್ಧ ಹೆಣೆದ ಬುಟ್ಟಿ ಇಟ್ಟುಕೊಂಡಿದ್ದ. ಹೊರಗಿನಿಂದ ಬಂದವರು ಇದನ್ನೆಲ್ಲ ನೋಡಿ, ಎಷ್ಟು ಕಷ್ಟಜೀವಿಗಳಪ್ಪಾ ಈ ಊರಿನವರು ಎಂದು ಬೆರಗಾಗುತ್ತಾರೆ. ಆಗಲಿ, ನಮಗೇನು ನಷ್ಟ.

ವಿಷಯ ಇಷ್ಟೇ. ನಮ್ಮೂರಿನ ಸೌಟು, ಏಣಿ, ಕೊಡೆ, ಕೊಡಪಾನ, ಮಂಚ, ಮಣೆ ಎಲ್ಲವೂ ಪುರಸಭೆಯ ಹಿಂದಿನ ಕೋಣೆಯಲ್ಲಿರುವ ಸರ್ವರಿನ ಡೇಟಾಬೇಸಿನಲ್ಲಿ ಒಂದೊಂದು ಸಾಲಾಗಿ ಕೂತಿವೆ. ಯಾವುದು ಯಾರ ಕೈಯಲ್ಲಿದೆ ಎಂಬುದೂ ಅಲ್ಲೇ ಇದೆ. ಇಬ್ಬರು ಎದುರುಬದುರಾಗಿ, ತಮ್ಮ ಕೈಯಲ್ಲಿರುವುದನ್ನು ಬಿಡದೆ, ಒಬ್ಬರ ವಸ್ತುವಿಗೆ ಇನ್ನೊಬ್ಬರು ಕೈ ಹಾಕಿದರೆ ಇಬ್ಬರೂ ಇದ್ದಲ್ಲೇ ಬೊಂಬೆಗಳಾಗಿಬಿಡುತ್ತಾರೆ. ಬಾಯಿ ಆಡುತ್ತದೆ, ಕಣ್ಣು ಆಡುತ್ತದೆ, ಕೈಕಾಲು ಆಡುವುದಿಲ್ಲ. ಇದಕ್ಕೆ ನಾವು ಕಚ್ಚಿಕೊಳ್ಳುವುದು ಎನ್ನುತ್ತೇವೆ. ಸರ್ವರ್ ಸೆಕೆಂಡಿಗೊಮ್ಮೆ ಊರನ್ನೆಲ್ಲ ಒಂದು ಸುತ್ತು ನೋಡುತ್ತದೆ. ಯಾರಾದರೂ ಕಚ್ಚಿಕೊಂಡಿದ್ದರೆ ಇಬ್ಬರಲ್ಲಿ ಯಾರ ಕೆಲಸ ಕಡಿಮೆಯೋ ಅವರನ್ನು ಬಲಿ ಹಾಕುತ್ತದೆ. ಬಲಿ ಎಂದರೆ ಗಾಬರಿಯಾಗಬೇಡಿ, ಪ್ರಾಣಕ್ಕೇನೂ ಅಪಾಯವಿಲ್ಲ. ಆ ವ್ಯವಹಾರ ಎಲ್ಲಿ ಶುರುವಾಗಿತ್ತೋ ಅಲ್ಲಿಗೆ ಅವರನ್ನು ಹಿಂದಕ್ಕೆ ಕಳಿಸುತ್ತದೆ, ಅಷ್ಟೇ. ಬಿಡಿಸಿದ ಅವರೆಕಾಳು ಉರುಳಿ ಹೋಗಿ ಸಿಪ್ಪೆಯೊಳಗೆ ಮಲಗುತ್ತದೆ. ಸ್ವೆಟರ್ ಮತ್ತೆ ನೂಲಿನುಂಡೆಯಾಗುತ್ತದೆ. ಹಿಡಿದ ಕೈ ಸಡಿಲವಾಗುತ್ತದೆ. ಏತಕ್ಕೆ ಬಂದಿದ್ದೆ ಎಂಬುದು, ಆ ವ್ಯವಹಾರದ ಮೊದಲಿನಿಂದಲೂ, ಪೂರ್ತಿ ಮರೆತುಹೋಗಿ ತಲೆ ಕೆರೆದುಕೊಂಡು ಮನೆಗೆ ನಡೆಯುತ್ತಾರೆ. ಅದಕ್ಕೇ ಎಲ್ಲರ ಕೈಯಲ್ಲೂ ಅರ್ಧ ಕೆಲಸ. ಅರ್ಧವೇ ಇರಬೇಕು; ಮುಗಿಸಿದ ಕೆಲಸ ಲೆಕ್ಕಕ್ಕಿಲ್ಲ. ನಮ್ಮೂರಿನಲ್ಲಿ ಎರಡೂ ತೋಳಿರುವ ಸ್ವೆಟರ್ ತೊಟ್ಟವರನ್ನು ನಾನಂತೂ ಕಂಡಿಲ್ಲ.

ಆ ಸರ್ವರಿನ ಉಸ್ತುವಾರಿ ನನ್ನದು. ಹೆಸರು ಇಂದುಮತಿ, ವಯಸ್ಸು ಐವತ್ತೆರಡು, ಮದುವೆಯಾಗಿಲ್ಲ, ಯಾಕೆ ಎಂದು ಯಾರೂ ಕೇಳಬೇಕಾಗಿಲ್ಲ. ಪುರಸಭೆಯಲ್ಲಿ ಟೈಪಿಸ್ಟಳಾಗಿದ್ದೆ. ಹಳೆಯ ಉಸ್ತುವಾರಿ ನಿವೃತ್ತರಾದಾಗ, ನಿಮಗೆ ಕೀಲಿಮಣೆ ಅಭ್ಯಾಸ ಇದೆಯಲ್ಲ ಎಂದು ನನ್ನನ್ನು ಆ ಕೋಣೆಗೆ ತಳ್ಳಿದರು. ಯಂತ್ರದ ಮೇಲೆ ಓಡುವುದು ಲಿನಕ್ಸ್. ಅದು ಯಾರಪ್ಪನ ಸ್ವತ್ತೂ ಅಲ್ಲ. ಅದರ ಮೇಲೆ ಕೂತಿರುವ ಡೇಟಾಬೇಸೂ ಹಾಗೆಯೇ, ಮುಕ್ತ ತಂತ್ರಾಂಶ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ಕೆಟ್ಟಾಗ ಬೈಯಲು ಮಾತ್ರ ಯಾರೂ ಸಿಗುವುದಿಲ್ಲ, ಆ ಭಾಗ್ಯ ನನಗೆ ಬರುತ್ತದೆ.

ಯಾರು ಬೇಕಾದರೂ ನೋಡಬಹುದು ಎಂಬ ಮಾತನ್ನು ನಮ್ಮೂರಿನವರು ಸ್ವಲ್ಪ ಹೆಚ್ಚಾಗಿಯೇ ಹಚ್ಚಿಕೊಂಡಿದ್ದಾರೆ. ಕೋಡು, ಸೆಟ್ಟಿಂಗು ಎಲ್ಲವನ್ನೂ ಹಾಳೆಗಳ ಮೇಲೆ ಅಚ್ಚುಹಾಕಿ ಮಾರುಕಟ್ಟೆಯ ಉದ್ದ ಗೋಡೆಗೆ ಅಂಟಿಸಲಾಗಿದೆ. ಹಾಲಿಗೆ ಬಂದವರು ಪಾತ್ರೆ ಕಂಕುಳಲ್ಲಿಟ್ಟುಕೊಂಡು ಓದುತ್ತಾರೆ. ತಿದ್ದುಪಡಿ ಹೊಳೆದರೆ ಚೀಟಿ ಬರೆದು ತಗಡಿನ ಡಬ್ಬಿಗೆ ಹಾಕುತ್ತಾರೆ. ಚೀಟಿಯಲ್ಲಿದ್ದದ್ದು ಓಡುವ ಹಾಗಿದ್ದರೆ ನಾನು ಟೈಪು ಮಾಡಲೇಬೇಕು, ಹೊಸ ಹಾಳೆಯನ್ನು ಗೋಡೆಗೆ ಅಂಟಿಸಲೇಬೇಕು. ಎಲ್ಲರಿಗಿಂತ ಹೆಚ್ಚು ಓದುವವರು ದರ್ಜಿ ದಸ್ತಗೀರ್ ಸಾಹೇಬರು. ಕತ್ತಿನಲ್ಲಿ ಅಳತೆಪಟ್ಟಿ ನೇತುಹಾಕಿಕೊಂಡೇ ಗೋಡೆಯ ಮುಂದೆ ನಿಂತು, ಇಲ್ಲಿ ಬಟ್ಟೆ ದಂಡ, ಇಲ್ಲಿ ಹೊಲಿಗೆ ಸಡಿಲ ಎಂದು ಗೊಣಗುತ್ತಾರೆ. ಅವರು ಹೇಳಿದ್ದು ಸಾಮಾನ್ಯವಾಗಿ ಸರಿಯೇ ಇರುತ್ತದೆ. ಅದು ನನಗೆ ಸಿಟ್ಟು ತರಿಸುತ್ತದೆ.

ಇನ್ನು ನನ್ನ ಅಕ್ಕ ಅಂಬುಜಾಕ್ಷಿಯ ವಿಚಾರಕ್ಕೆ ಬರುತ್ತೇನೆ. ನಮ್ಮದು ಒಂದೇ ಮನೆ, ನಡುವೆ ಗೋಡೆ. ಅಕ್ಕನ ಕಡೆಯದು ಹದಿನಾಲ್ಕು, ನನ್ನ ಕಡೆಯದು ಹದಿನಾಲ್ಕು ಎ. ಅಮ್ಮ ತೀರಿಕೊಂಡ ಮೇಲೆ ನಾವಿಬ್ಬರೂ ಪಾತ್ರೆಪಡಗವನ್ನೆಲ್ಲ ನಗುನಗುತ್ತಾ ಹಂಚಿಕೊಂಡೆವು. ಕೊನೆಗೆ ಉಳಿದದ್ದು ರುಬ್ಬುವ ಕಲ್ಲು. ಒರಳು ನಿನಗಿರಲಿ, ಗುಂಡು ನನಗಿರಲಿ, ಬೇಕಾದಾಗ ಒಬ್ಬರನ್ನೊಬ್ಬರು ಕೇಳಿ ಇಸಕೊಂಡರಾಯಿತು ಎಂದುಕೊಂಡೆವು. ಆ ಕ್ಷಣಕ್ಕೆ ಇಬ್ಬರಿಗೂ ಅದು ಬಹಳ ಜಾಣತನದ ಮಾತಾಗಿ ಕಂಡಿತ್ತು. ಮೊದಲು ಕೇಳುವವರು ಯಾರು ಎಂಬುದನ್ನು ಮಾತ್ರ ತೀರ್ಮಾನಿಸಿರಲಿಲ್ಲ.

ದೊಡ್ಡವಳು ನಾನು, ಅವಳು ಬಂದು ಕೇಳಲಿ ಎಂದು ಅಕ್ಕ ಕಾದಳು. ಚಿಕ್ಕವಳು ನಾನು, ಅವಳೇ ಕರೆದು ಕೊಡಲಿ ಎಂದು ನಾನು ಕಾದೆ. ಹಾಗೆ ಹನ್ನೊಂದು ವರ್ಷ ಹೋಯಿತು. ಅವಳ ಹಿತ್ತಿಲಿನಲ್ಲಿ ಒರಳು ಬಾಯಿ ತೆರೆದುಕೊಂಡು ಕೂತಿತ್ತು, ನನ್ನ ಅಡುಗೆಮನೆಯ ಮೂಲೆಯಲ್ಲಿ ಗುಂಡು ಗುಮ್ಮನ ಹಾಗೆ ಕೂತಿತ್ತು. ಇಬ್ಬರೂ ಮಿಕ್ಸಿಯಲ್ಲಿ ರುಬ್ಬಿ, ಇಡ್ಲಿಯನ್ನು ಗೋಡೆಗೆ ಹೊಡೆದರೆ ಗೋಡೆ ಬೀಳಬೇಕು, ಅಂಥದನ್ನು ತಿಂದೆವು.

ಇಬ್ಬರೂ ಎದುರಾಗಲು ಹೆದರುತ್ತಿದ್ದೆವು. ಎದುರಾದರೆ ಕಚ್ಚಿಕೊಳ್ಳುವುದು ಗ್ಯಾರಂಟಿ, ಕಚ್ಚಿಕೊಂಡರೆ ಕಡಿಮೆ ಕೆಲಸದವಳು ತನ್ನ ಕಲ್ಲು ಕಳೆದುಕೊಳ್ಳುತ್ತಾಳೆ. ಹಾಗಾಗಿ ಕೆಲಸ ಕೂಡಿಡತೊಡಗಿದೆವು. ನಾನು ಒಂದು ಕೌದಿ ಹೊಲಿಯಲು ಹಿಡಿದೆ. ಅದು ಮುಗಿಯುವ ಹಂತಕ್ಕೆ ಬಂದಾಗಲೆಲ್ಲ ಅಂಚಿಗೆ ಇನ್ನೊಂದು ಹಳೇ ಸೀರೆ ಸೇರಿಸುತ್ತಿದ್ದೆ. ಈಗ ಅದನ್ನು ಹಾಸಿದರೆ ನಡುಮನೆ ದಾಟಿ ಬೀದಿಗೆ ಇಳಿಯುತ್ತಿತ್ತು. ಅಕ್ಕ ಲಕ್ಷಬತ್ತಿ ಹೊಸೆಯಲು ಹಿಡಿದಳು. ಲಕ್ಷ ತುಂಬಿದರೆ ಕೆಲಸ ಮುಗಿದುಹೋಗುತ್ತದಲ್ಲ, ಅದಕ್ಕೆ ತೊಂಬತ್ತೊಂಬತ್ತು ಸಾವಿರ ದಾಟಿದ ಮೇಲೆ ವಾರಕ್ಕೊಂದು ಬತ್ತಿ, ಅದೂ ನಿಧಾನವಾಗಿ. ಅವಳ ಮಗಳು ಚಂಪಕಾ, ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು, ಎರಡೂ ಮನೆಗೆ ಓಡಾಡಿಕೊಂಡಿದ್ದವಳು, ನನ್ನ ಹೊಲಿಗೆಯನ್ನೂ ಅಕ್ಕನ ಬತ್ತಿಯನ್ನೂ ಎಣಿಸಿ ಎಣಿಸಿ ಸುಸ್ತಾಗಿದ್ದಳು.

ಈಗ ನಾನು ಮಾಡಿದ ಹಲ್ಕಾ ಕೆಲಸವನ್ನು ಹೇಳಿಬಿಡಬೇಕು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಸೆಟ್ಟಿಂಗಿನ ಕಡತಕ್ಕೆ ಒಂದು ಸಾಲು ಸೇರಿಸಿದೆ. ಹದಿನಾಲ್ಕು ಎ ಮನೆಯವರನ್ನು ಎಂದೂ ಬಲಿ ಹಾಕಬೇಡ ಎಂದು. ನಿಯಮದ ಪ್ರಕಾರ ಹಾಳೆಯನ್ನು ಗೋಡೆಗೆ ಅಂಟಿಸಲೇಬೇಕಿತ್ತು. ಅಂಟಿಸಿದೆ, ನೆಲಕ್ಕೆ ಗೇಣುದ್ದ ಮೇಲೆ, ನಾಯಿಗಳು ಕಾಲೆತ್ತುವ ಎತ್ತರದಲ್ಲಿ. ಬಗ್ಗಿ ಓದುವವರು ಯಾರಿದ್ದಾರೆ ಎಂದುಕೊಂಡೆ.

ಸರ್ವರಿನ ಕೆಲಸ ಇರುವವಳಿಗೆ ಇಷ್ಟೂ ಅನುಕೂಲ ಇಲ್ಲದಿದ್ದರೆ ಹೇಗೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಆದರೂ ಗುಂಡು ಹೊತ್ತುಕೊಂಡು ಹೋಗಿ ಅಕ್ಕನ ಮುಂದೆ ನಿಲ್ಲುವ ಧೈರ್ಯ ಎರಡು ವರ್ಷ ಬರಲಿಲ್ಲ. ಗೆಲ್ಲುವುದು ಖಾತ್ರಿಯಾದ ಮೇಲೆ ಗೆಲ್ಲಲು ನಾಚಿಕೆಯಾಗತೊಡಗಿತು.

ಹಾಗಿರುವಾಗ ಅಕ್ಕನಿಗೆ ಜ್ವರ ಬಂತು. ಮೂರು ವಾರ ಮಲಗಿದಳು. ಜ್ವರ ಬಿಟ್ಟ ಮೇಲೂ ಊಟ ಸೇರಲಿಲ್ಲ. ಒಂದು ಭಾನುವಾರ ಬೆಳಗ್ಗೆ ಚಂಪಕಾ ನನ್ನ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು. ಕಣ್ಣು ಕೆಂಪಾಗಿತ್ತು.

"ಚಿಕ್ಕಮ್ಮ, ಅಮ್ಮ ಗಂಜಿ ಕೂಡ ಮುಟ್ತಿಲ್ಲ. ಕಲ್ಲಲ್ಲಿ ರುಬ್ಬಿದ ಇಡ್ಲಿ ಆದ್ರೆ ಒಂದು ತಿಂತೀನಿ ಅಂತಾಳೆ. ಬೇರೆ ಯಾರದ್ದೋ ಕಲ್ಲಲ್ಲಿ ರುಬ್ಬಿಸ್ಕೊಂಡ್ ಬಂದೆ. ಮೂಸಿ ನೋಡಿ ಇದು ನಮ್ಮ ಕಲ್ಲಲ್ಲ ಅಂತ ತಟ್ಟೆ ತಳ್ಳಿದ್ಳು."

"ಒರಳು ಕಳಿಸು ಅಂತ ಹೇಳು. ರುಬ್ಬಿ, ಬೇಯಿಸಿ, ಬಿಸಿಬಿಸಿ ಕಳಿಸ್ತೀನಿ."

"ಹೇಳ್ದೆ. ಗುಂಡು ಕಳಿಸ್ಲಿ, ನಾನೇ ರುಬ್ಕೊಳ್ತೀನಿ ಅಂತಾಳೆ. ಎದ್ದು ನಿಲ್ಲಕ್ಕಾಗಲ್ಲ, ರುಬ್ತಾಳಂತೆ! ಚಿಕ್ಕಮ್ಮ, ನಿಮ್ಮಿಬ್ಬರ ಹಟದಲ್ಲಿ ನಮ್ಮಮ್ಮ ಸಾಯ್ತಾಳೆ."

ಆ ಮಾತು ನನಗೆ ಚುಚ್ಚಿತು. ಸುಳ್ಳು ಯಾಕೆ ಹೇಳಲಿ, ಬಹಳವೇ ಚುಚ್ಚಿತು. ಎದ್ದು ಗುಂಡನ್ನು ಹಳೇ ಸೀರೆಯಲ್ಲಿ ಸುತ್ತಿ ಕೂಸಿನ ಹಾಗೆ ಸೊಂಟಕ್ಕೆ ಕಟ್ಟಿಕೊಂಡೆ. ಗುಂಡು ಕೊಟ್ಟು ಬಂದುಬಿಡೋಣ ಎಂದು ಹೊರಟಿದ್ದೆ ಎಂದು ಬರೆಯಲು ಆಸೆ. ಆದರೆ ಕೌದಿಯನ್ನೂ ಹೆಗಲಿಗೆ ಹಾಕಿಕೊಂಡೆ. ನನ್ನ ಲೆಕ್ಕ ಇಷ್ಟಿತ್ತು: ಹೋಗುವುದು, ಒರಳಿಗೆ ಕೈ ಹಾಕುವುದು, ಒಂದು ಸೆಕೆಂಡು ಕಚ್ಚಿಕೊಳ್ಳುವುದು, ಅಕ್ಕ ಬಲಿಯಾಗುವುದು, ಅವಳ ಹಿತ್ತಿಲಲ್ಲೇ ಕೂತು ರುಬ್ಬಿ ಅವಳಿಗೆ ಇಡ್ಲಿ ತಿನ್ನಿಸುವುದು. ಗೆದ್ದ ಹಾಗೂ ಆಗಬೇಕು, ಅಕ್ಕನನ್ನು ಉಳಿಸಿಕೊಂಡ ಹಾಗೂ ಆಗಬೇಕು. ಕೌದಿಯ ಬಾಲ ಬೀದಿಯ ಧೂಳನ್ನೆಲ್ಲ ಗುಡಿಸಿಕೊಂಡು ನನ್ನ ಹಿಂದೆ ಬಂತು.

ಅಕ್ಕ ಹಿತ್ತಿಲಿನಲ್ಲಿ ಒರಳಿನ ಪಕ್ಕ ಮಣೆಯ ಮೇಲೆ ಕೂತಿದ್ದಳು. ಸುತ್ತ ಐದು ಬುಟ್ಟಿ ಬತ್ತಿ. ನನಗಾಗಿಯೇ ಕಾಯುತ್ತಿದ್ದಳು ಎಂದು ಆಮೇಲೆ ತಿಳಿಯಿತು. ಹನ್ನೊಂದು ವರ್ಷ ಗೋಡೆಯ ಮೇಲಿನಿಂದ ಅವಳ ತುರುಬು ಮಾತ್ರ ನೋಡಿದ್ದ ನಾನು ಈಗ ಮುಖ ನೋಡಿದೆ. ಅರ್ಧ ಆಗಿದ್ದಳು. ಏನಾದರೂ ಮಾತಾಡಬೇಕಿತ್ತು. ಆದರೆ ಅವಳ ಎಡಗೈ ಒರಳಿನ ಮೇಲಿತ್ತು, ನನ್ನ ಎಡಗೈ ಗುಂಡಿನ ಮೇಲಿತ್ತು. ಇಬ್ಬರ ಬಲಗೈಯೂ ಒಟ್ಟಿಗೇ ಮುಂದೆ ಬಂದವು.

ಕಚ್ಚಿಕೊಂಡೆವು. ಬಗ್ಗಿದ ಸೊಂಟ ಬಗ್ಗಿದ ಹಾಗೆಯೇ. ಒಂದು ಸೆಕೆಂಡು ಆಯಿತು. ನಾನು ಮನಸ್ಸಿನಲ್ಲೇ ನಕ್ಕೆ. ಅಕ್ಕನೂ ನಗುತ್ತಿದ್ದಳು. ಎರಡು ಸೆಕೆಂಡಾಯಿತು. ಐದಾಯಿತು. ಹತ್ತಾಯಿತು. ನನ್ನ ನಗು ನಿಂತಿತು. ಅಕ್ಕನ ನಗುವೂ ನಿಂತಿತು.

"ಯಾಕೆ ಇನ್ನೂ ಬಿಡ್ತಿಲ್ಲ ನೀನು?" ಎಂದಳು ಅಕ್ಕ. ಹನ್ನೊಂದು ವರ್ಷದಲ್ಲಿ ನನ್ನೊಡನೆ ಆಡಿದ ಮೊದಲ ಮಾತು.

"ನೀನ್ಯಾಕೆ ಬಿಡ್ತಿಲ್ಲ?"

"ನಾನ್ಯಾಕೆ ಬಿಡ್ಲಿ? ನನ್ನ ಹೆಸರು ಬರೆಸಿದೀನಿ."

"ಎಲ್ಲಿ ಬರೆಸಿದೀಯ?"

"ನೀನು ಬರ್ಕೊಂಡಿದೀಯಲ್ಲ, ಅಲ್ಲೇ. ನಾಯಿ ಕಾಲೆತ್ತೋ ಜಾಗದಲ್ಲಿ."

ಅಕ್ಕ ಬತ್ತಿ ಹೊಸೆಯಲು ಬಿಸಿಲು ಕಾಯಿಸಿಕೊಂಡು ಕೂರುತ್ತಿದ್ದದ್ದು ಅದೇ ಗೋಡೆಯ ಬುಡದಲ್ಲಿ. ನೆಲದ ಮೇಲೆ ಕೂತವಳ ಕಣ್ಣಿಗೆ ಆ ಹಾಳೆ ಸರಿಯಾಗಿ ನೇರಕ್ಕೆ ಬಂದಿದೆ. ಓದಿದ್ದಾಳೆ. ಗಲಾಟೆ ಮಾಡಿಲ್ಲ. ಆ ಸಾಲಿಗೆ ಹದಿನಾಲ್ಕನ್ನೂ ಸೇರಿಸುವುದು ಎಂದು ಸಣ್ಣದಾಗಿ ಚೀಟಿ ಬರೆದು ಡಬ್ಬಿಗೆ ಹಾಕಿದ್ದಾಳೆ. ಅದನ್ನು ಟೈಪು ಮಾಡಿದವಳು ಯಾರು? ನಾನೇ! ಟೈಪಿಸ್ಟಾಗಿ ಇಪ್ಪತ್ತು ವರ್ಷ ದುಡಿದವರ ಬೆರಳು ಬಡಿಯುತ್ತದೆಯೇ ಹೊರತು ತಲೆ ಓದುವುದಿಲ್ಲ. ಐವತ್ತು ಚೀಟಿಯ ನಡುವೆ ಅದನ್ನೂ ಬಡಿದು, ನಾನೇ ಅಂಟು ಹಚ್ಚಿ ಅಂಟಿಸಿ ಬಂದಿದ್ದೆ. ಈಗ ಸರ್ವರ್ ಸೆಕೆಂಡಿಗೊಮ್ಮೆ ಬಂದು ನಮ್ಮಿಬ್ಬರನ್ನೂ ನೋಡುತ್ತದೆ, ಇವಳನ್ನು ಹಾಕುವ ಹಾಗಿಲ್ಲ, ಅವಳನ್ನೂ ಹಾಕುವ ಹಾಗಿಲ್ಲ ಎಂದು ಮತ್ತೆ ಮೊದಲಿನಿಂದ ನೋಡುತ್ತದೆ.

ಬೀದಿಯವರು ಬಂದರು. ಮೊದಲು ನಕ್ಕರು, ಆಮೇಲೆ ಉಪಚಾರಕ್ಕೆ ನಿಂತರು. ಯಾರೋ ನಮ್ಮಿಬ್ಬರ ಮೇಲೆ ಕೊಡೆ ಹಿಡಿದರು. ಯಾರೋ ಬಾಯಿಗೆ ನೀರು ಬಿಟ್ಟರು. ಮುಂದಕ್ಕೆ ಚಾಚಿದ್ದ ನನ್ನ ಬಲಗೈ ಅನುಕೂಲವಾಗಿದೆಯೆಂದು ಒಬ್ಬಾಕೆ ತರಕಾರಿ ಚೀಲ ತಗುಲಿಹಾಕಿ ಮಾತಿಗೆ ನಿಂತಳು. ಕಚ್ಚಿಕೊಂಡವಳಿಗೆ ಮರ್ಯಾದೆ ಎಲ್ಲಿಯದು.

ಅರ್ಧ ಗಂಟೆಯಲ್ಲಿ ಬೇರೆ ಸುದ್ದಿ ಬರತೊಡಗಿತು. ಸರ್ವರ್ ನಮ್ಮಿಬ್ಬರ ಬಳಿಯೇ ತಡಕಾಡುತ್ತಾ ಕೂತದ್ದರಿಂದ ಊರಿನಲ್ಲಿ ಕಚ್ಚಿಕೊಂಡ ಯಾರನ್ನೂ ಬಿಡಿಸುವವರಿರಲಿಲ್ಲ. ಕ್ಷೌರದ ಹನುಮಂತು ಟವೆಲ್ ಹಿಡಿದು, ಗಿರಾಕಿ ಕನ್ನಡಿ ಹಿಡಿದು, ಅರ್ಧ ಮೀಸೆಯಲ್ಲಿ ನಿಂತುಬಿಟ್ಟಿದ್ದರು. ಬಸ್ಸಿನಲ್ಲಿ ಕಿಟಕಿ ಸೀಟು ಹಿಡಿದವಳೂ ಬಾಗಿಲ ಸೀಟು ಹಿಡಿದವಳೂ ಕಚ್ಚಿಕೊಂಡು ಬಸ್ಸೇ ಹೊರಡಲಿಲ್ಲ. ಪುರಸಭೆಯ ಅಧ್ಯಕ್ಷರು ಕುರ್ಚಿ ಬಿಡದೆ ಮೈಕಿಗೂ, ಉಪಾಧ್ಯಕ್ಷರು ಮೈಕು ಬಿಡದೆ ಕುರ್ಚಿಗೂ ಕೈ ಹಾಕಿ ನಿಂತಿದ್ದರು, ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೂವತ್ತೇಳು ಜೋಡಿ.

ದಸ್ತಗೀರ್ ಸಾಹೇಬರು ಅಳತೆಪಟ್ಟಿ ಹಾರಿಸಿಕೊಂಡು ಓಡಿ ಬಂದರು. "ಮೇಡಂ, ಸರ್ವರ್ ಫ್ಯಾನು ಹೆಲಿಕಾಪ್ಟರ್ ಥರಾ ಕೂಗ್ತಿದೆ. ಒಂದ್ಸಲ ಆಫ್ ಮಾಡಿ ಆನ್ ಮಾಡ್ಲಾ?"

"ಮುಟ್ಟಬೇಡಿ ಸಾಹೇಬ್ರೆ!" ಎಂದು ಕಿರುಚಿದೆ. ರೀಸ್ಟಾರ್ಟ್ ಮಾಡಿದರೆ ಊರಿನ ಅರ್ಧ ಕೆಲಸವೆಲ್ಲ ಒಟ್ಟಿಗೆ ಹಿಂದಕ್ಕೆ ಹೋಗುತ್ತದೆ. ಅರ್ಧ ಕಟ್ಟಿದ ಗೋಡೆ ಇಟ್ಟಿಗೆಯಾಗುತ್ತದೆ, ಅರ್ಧ ಕಳಿತ ಮಾವಿನ ಮಿಡಿ ಮರಕ್ಕೆ ಹೋಗಿ ಜೋತುಬೀಳುತ್ತದೆ. ಕೊಡೆ ಹಿಡಿದುಕೊಂಡಿದ್ದ ಮಾದೇವಿಗೆ ಇದೆಲ್ಲ ಕೇಳಿ ಸಂಶಯ ಬಂತು. ಅವಳಿಗೆ ಎಂಟು ತಿಂಗಳು.

"ಅಲ್ಲ ಮೇಡಮ್ಮೋರೇ, ನಂದೂ ಅರ್ಧ ಕೆಲ್ಸಾನೇ ಅಲ್ವಾ?"

ಮಾದೇವಿ ಕೊಡೆಯನ್ನು ಕೋಲಿನ ಹಾಗೆ ಹಿಡಿದುಕೊಂಡಳು. "ಯಾವನಾದ್ರೂ ಸ್ವಿಚ್ಚು ಮುಟ್ಟಿ ನೋಡ್ಲಿ. ನನ್ ಮಗೀನ ಹಿಂದಕ್ ಕಳಿಸಿದ್ರೆ ನಿಮ್ಮಿಬ್ರ ಜುಟ್ಟೂ ಕಟ್ಟಿ ಬಾವಿಗೆ ಇಳಿಬಿಡ್ತೀನಿ. ಅಕ್ಕತಂಗೀರಂತೆ, ಅಕ್ಕತಂಗೀರು!"

ರೀಸ್ಟಾರ್ಟ್ ಮಾತು ಅಲ್ಲಿಗೆ ಮುಗಿಯಿತು. ಉಳಿದದ್ದು ಒಂದೇ ದಾರಿ. ಸೆಟ್ಟಿಂಗಿನ ಕಡತ ತೆರೆದು ಆ ಸಾಲಿನಿಂದ ಒಂದು ಮನೆಯ ನಂಬರ್ ತೆಗೆದು, ಯಂತ್ರ ನಿಲ್ಲಿಸದೆ ಕಡತವನ್ನು ಮತ್ತೆ ಓದಿಸುವುದು. ಅದಕ್ಕೆ ಪಾಸ್‌ವರ್ಡ್ ಬೇಕು. ಸಾಹೇಬರು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು ಅಂಗೈ ಚಾಚಿದರು.

"ಹೇಳಿ ಮೇಡಂ, ಬರ್ಕೊಳ್ತೀನಿ."

"ಹತ್ರ ಬನ್ನಿ."

"ನೀವು ಬಗ್ಗಿದೀರ, ಅಲ್ಲಿಗೆ ಕಿವಿ ಬರಲ್ಲ. ಜೋರಾಗೇ ಹೇಳಿ."

ನಾನು ಕಣ್ಣು ಮುಚ್ಚಿದೆ. "ಅಕ್ಕನಿಗೆ ಕೊಬ್ಬು. ಜಾಗ ಬಿಡದೆ ಸೇರಿಸಿ ಬರೀರಿ."

ಚಂಪಕಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಹೆಗಲು ಕುಣಿಯುತ್ತಿತ್ತು.

"ಯಾವಾಗಿಂದ ಇದೆ ಅದು?" ಎಂದಳು ಅಕ್ಕ.

"ಹನ್ನೊಂದು ವರ್ಷದಿಂದ."

"ಒಂದ್ಸಲಾನೂ ಬದಲಾಯಿಸ್ಲಿಲ್ವಾ?"

"ಮರೆತುಹೋಗಲ್ಲ ನೋಡು, ಅದಕ್ಕೆ."

ಅಕ್ಕನಿಗೆ ನಗು ಬಂತು. ನಕ್ಕ ರಭಸಕ್ಕೆ ಕೆಮ್ಮು ಬಂತು. ಕೆಮ್ಮು ನಿಲ್ಲಲೇ ಇಲ್ಲ. ಅವಳ ಎದೆ ಹಿಡಿದುಕೊಳ್ಳಲು ಅವಳಿಗೆ ಕೈ ಇರಲಿಲ್ಲ, ಬೆನ್ನು ಸವರಲು ನನಗೆ ಕೈ ಇರಲಿಲ್ಲ. ಅವಳ ಮಣಿಕಟ್ಟು ನನ್ನ ಕಣ್ಣ ಮುಂದೆಯೇ ಇತ್ತು. ಬಳೆಗಳು ಮೊಣಕೈವರೆಗೆ ಜಾರಿದ್ದವು, ಅಷ್ಟು ಸಣ್ಣಗಾಗಿತ್ತು ಕೈ. ನನಗೆ ಅಳು ಬಂದುಬಿಟ್ಟಿತು. ಎಲ್ಲರೆದುರು, ಮೂಗು ಸೋರುವಂತೆ ಅತ್ತೆ. ಮಾದೇವಿಯೇ ತನ್ನ ಸೆರಗಿನಿಂದ ಒರೆಸಿದಳು.

"ಯಾವ ನಂಬರ್ ತೆಗೀಲಿ?" ಎಂದು ಸಾಹೇಬರು ಮೆಲ್ಲಗೆ ಕೇಳಿದರು.

"ಹದಿನಾಲ್ಕು ಎ. ನನ್ನದೇ ತೆಗೀರಿ," ಎಂದೆ. ಗುಂಡು ಅವಳಿಗೇ ಹೋಗಲಿ. ಅವಳು ಕಲ್ಲಿನ ಇಡ್ಲಿ ತಿಂದು ಬದುಕಿದರೆ ಸಾಕು.

"ಅವಳ ಮಾತು ಕೇಳ್ಬೇಡಿ. ಹದಿನಾಲ್ಕು ತೆಗೀರಿ," ಎಂದಳು ಅಕ್ಕ.

"ನನ್ನದು ತೆಗೀರಿ ಅಂದ್ನಲ್ಲ!"

"ದೊಡ್ಡವಳು ನಾನು ಹೇಳ್ತಿದೀನಿ, ನನ್ನದು ತೆಗೀರಿ!"

ಸಾಹೇಬರು ಎರಡು ಕೈಯನ್ನೂ ಮೇಲೆತ್ತಿದರು. "ಎರಡೂ ತೆಗೀತೀನಿ. ಯಾರ ಕೆಲಸ ಕಮ್ಮಿಯೋ ಮೆಷಿನ್ನೇ ನೋಡ್ಕೊಳ್ಳಲಿ. ಆಯ್ತು ಅಂತ ಗೊತ್ತಾಗೋಕೆ ಪುರಸಭೆ ಸೈರನ್ ಹೊಡಿಸ್ತೀನಿ." ಹಾಗೆಂದು ಹೊರಟೇಬಿಟ್ಟರು. ಪುರಸಭೆಗೆ ಹತ್ತು ನಿಮಿಷದ ದಾರಿ.

ಇಬ್ಬರಿಗೂ ಒಂದೇ ಸಲ ಹೊಳೆಯಿತು. ಕಡಿಮೆ ಕೆಲಸವಿದ್ದವಳು ಬಲಿ. ಬಲಿಯಾಗಬೇಕಾದರೆ ಕೆಲಸ ಕಡಿಮೆಯಾಗಬೇಕು.

"ಮಾದೇವಿ, ಕೌದಿ ಬಿಚ್ಚು! ಕತ್ತರಿ ತಗೊಂಡು ಎಲ್ಲಿಂದಾದರೂ ಬಿಚ್ಚು!" ಎಂದು ನಾನು ಕೂಗಿದೆ.

"ಚಂಪೂ, ಬತ್ತಿ ಬಿಚ್ಚೇ! ಎಲ್ಲರೂ ಕೂತ್ಕೊಂಡು ಹಿಂಜ್ರೇ!" ಎಂದು ಅಕ್ಕ ಕೂಗಿದಳು.

ಆ ಹತ್ತು ನಿಮಿಷ ಆ ಹಿತ್ತಿಲಿನಲ್ಲಿ ನಡೆದದ್ದನ್ನು ಕಂಡವರು ಇವತ್ತಿಗೂ ಊಟದ ನಡುವೆ ನೆನೆದು ನಗುತ್ತಾರೆ. ಬೀದಿಯ ಹೆಂಗಸರು ಎರಡು ಪಾರ್ಟಿಯಾದರು. ಆರು ಜನ ನನ್ನ ಕೌದಿಗೆ ಬಿದ್ದರು, ಎಂಟು ಜನ ಬತ್ತಿಯ ಬುಟ್ಟಿಗೆ. ನಾನು ಹಟದಲ್ಲಿ ಹೊಲಿದ ಹೊಲಿಗೆ, ಒಂದೊಂದನ್ನು ಕೀಳುವಾಗಲೂ ಮಾದೇವಿ ನನ್ನನ್ನು ಬೈಯುತ್ತಿದ್ದಳು. ಅಕ್ಕ ಹೊಸೆದ ಬತ್ತಿಯಂತೂ ಕಬ್ಬಿಣದ ತಂತಿಯಂತಿತ್ತು. ಚಂಪಕಾ ಒಂದೊಂದು ನೂರಕ್ಕೂ ಎದ್ದು ನಿಂತು ಎರಡೂ ಕಡೆಯ ಅಂಕಿ ಕೂಗುತ್ತಿದ್ದಳು. ನಾನು ಮುಂದಿದ್ದೆ, ಅಂದರೆ ಹಿಂದಿದ್ದೆ. ಏನೋ ಒಂದು, ಸೋಲುವುದರಲ್ಲಿ ನಾನೇ ಗೆಲ್ಲುತ್ತಿದ್ದೆ. ಅದನ್ನು ಕಂಡು ಅಕ್ಕನಿಗೆ ತಡೆಯಲಾಗಲಿಲ್ಲ.

"ಚಂಪೂ, ಬುಟ್ಟಿ ಎತ್ತಿ ಹಂಡೆ ಒಲೆಗೆ ಸುರಿಯೇ!"

"ಅಮ್ಮಾ, ಹನ್ನೊಂದು ವರ್ಷದ್ದು!"

"ಸುರಿಯೇ ಅಂದ್ರೆ!"

ಐದು ಬುಟ್ಟಿಯೂ ಬಚ್ಚಲಿನ ಒಲೆಗೆ ಹೋದವು. ತೊಂಬತ್ತೊಂಬತ್ತು ಸಾವಿರ ಬತ್ತಿ ಒಟ್ಟಿಗೆ ಹೊತ್ತಿಕೊಂಡವು. ಬಚ್ಚಲಿನ ಬಾಗಿಲಿನಿಂದ ಬೆಳಕು ಬಂದು ಅಕ್ಕನ ಅರ್ಧ ಮುಖಕ್ಕೆ ಬಿತ್ತು. ಹಂಡೆಯ ನೀರು ಉಕ್ಕಿ ಚರಂಡಿಗೆ ಹರಿಯಿತು, ಬೀದಿಯವರು ಕೊಡ ಹಿಡಿದು ನಿಂತು ಬಿಸಿನೀರು ತುಂಬಿಕೊಂಡರು. ಮೋಸ, ಇದು ಮೋಸ ಎಂದು ನಾನು ಕೂಗುತ್ತಲೇ ಇದ್ದೆ.

ಅಷ್ಟರಲ್ಲಿ ಅಕ್ಕನ ಕೈ ಒರಳಿನಿಂದ ಜಾರಿತು. ಬಲಗೈಯೂ ತೊಡೆಯ ಮೇಲೆ ಬಿತ್ತು. ನನ್ನ ಸೊಂಟ ಪಟ್ಟೆಂದು ನೆಟ್ಟಗಾಯಿತು, ತರಕಾರಿ ಚೀಲ ನೆಲಕ್ಕೆ ಬಿತ್ತು. ನನ್ನ ಸೊಂಟ ಪಟ್ಟೆಂದು ನೆಟ್ಟಗಾಯಿತು, ತರಕಾರಿ ಚೀಲ ನೆಲಕ್ಕೆ ಬಿತ್ತು. ಊರಿನ ಮೂವತ್ತೇಳು ಜೋಡಿಯೂ ಬಿಡಿಸಿಕೊಂಡ ಗದ್ದಲ ದೂರದಿಂದ ಕೇಳಿಸಿತು. ನಾನು ಗೆದ್ದಿದ್ದೆ. ಒರಳು ನನ್ನ ಕೈಯ ಕೆಳಗಿತ್ತು, ಗುಂಡು ಸೊಂಟದಲ್ಲಿತ್ತು. ಅಷ್ಟು ಕೆಟ್ಟ ಗೆಲುವನ್ನು ನಾನು ಯಾವ ಶತ್ರುವಿಗೂ ಬಯಸುವುದಿಲ್ಲ.

ಅಕ್ಕ ತಲೆ ಕೆರೆದುಕೊಂಡಳು. ಸುತ್ತ ನಿಂತವರನ್ನು ನೋಡಿದಳು, ನನ್ನನ್ನು ನೋಡಿದಳು.

"ಯಾವಾಗ ಬಂದ್ಯೇ ಇಂದು? ಏನಿದು, ಮನೆ ತುಂಬ ಜನ?"

ವ್ಯವಹಾರ ಶುರುವಾದದ್ದು ಹನ್ನೊಂದು ವರ್ಷದ ಹಿಂದೆ, ಪಾತ್ರೆ ಹಂಚಿಕೊಂಡ ದಿನ. ಅಲ್ಲಿಂದ ಇಲ್ಲಿಯವರೆಗಿನ ಜಗಳವೆಲ್ಲ ಅವಳಿಗೆ ಅಳಿಸಿಹೋಗಿದೆ. ಕ್ಷಮಿಸು ಎಂದರೆ ಏತಕ್ಕೆ ಎಂದು ಕೇಳುತ್ತಾಳೆ.

"ಅಮ್ಮನ ಗುಂಡಲ್ವಾ ಅದು? ಹೊತ್ಕೊಂಡು ಯಾಕೆ ತಿರುಗ್ತಿದೀಯ? ಸೊಂಟ ಉಳುಕೀತು, ಇಡು ಕೆಳಗೆ. ಚಂಪೂ, ಅಕ್ಕಿ ಉದ್ದು ನೆನೆಹಾಕು. ಇವಳು ಎಷ್ಟು ದಿನ ಆಯ್ತೋ ಏನೋ ಸರಿಯಾಗಿ ತಿಂದು. ಮುಖ ನೋಡು, ಒಣಗಿದ ಬದನೆಕಾಯಿ."

ಗುಂಡನ್ನು ಒರಳಿನಲ್ಲಿ ಇಟ್ಟೆ. ಅವತ್ತು ಸಂಜೆ ನಾನು ರುಬ್ಬಿದೆ, ಅಕ್ಕ ಪಕ್ಕದಲ್ಲಿ ಕೂತು, ನುಣ್ಣಗಾಯಿತು, ಇನ್ನೂ ಆಗಿಲ್ಲ, ನೀರು ಜಾಸ್ತಿಯಾಯಿತು ಎಂದು ಉಪದೇಶ ಮಾಡಿದಳು. ಮರುದಿನ ಬೆಳಗ್ಗೆ ನಾಲ್ಕು ಇಡ್ಲಿ ತಿಂದಳು. ಐದನೆಯದಕ್ಕೆ ಕೈ ಹಾಕಿದಾಗ ಚಂಪಕಾ ಅಡುಗೆಮನೆಗೆ ಹೋಗಿ ಅತ್ತು ಬಂದಳು.

ಆ ದಿನವೇ ಕೆಲಸಕ್ಕೆ ಹೋದೆ. ಇಷ್ಟು ದೊಡ್ಡ ರಾದ್ಧಾಂತವಾದ ಮೇಲೆ ಲಾಗ್ ಓದಬೇಕು, ಅದು ಉಸ್ತುವಾರಿಯ ಧರ್ಮ. ಸರ್ವರ್ ತಾನು ಮಾಡಿದ್ದನ್ನೆಲ್ಲ ಗಂಟೆ, ನಿಮಿಷ, ಸೆಕೆಂಡಿನ ಸಮೇತ ಅದರಲ್ಲಿ ಬರೆದುಕೊಂಡಿರುತ್ತದೆ. ಮೂರು ಗಂಟೆ ಹನ್ನೆರಡು ನಿಮಿಷ ನಲವತ್ತು ಸೆಕೆಂಡಿಗೆ ಸಾಹೇಬರು ಕಡತವನ್ನು ಮತ್ತೆ ಓದಿಸಿದ್ದರು. ಆಮೇಲೆ ಮೂವತ್ತೇಳು ಬಲಿ, ಸಾಲಾಗಿ, ಹೆಸರಿನ ಸಮೇತ. ಅದರಲ್ಲಿ ಅಂಬುಜಾಕ್ಷಿಯ ಹೆಸರಿರಲಿಲ್ಲ. ಎರಡು ಸಲ ಹುಡುಕಿದೆ. ಆಮೇಲೆ ಒಂದು ಸಾಲು ಮೇಲೆ ಹೋಗಿ ನೋಡಿದೆ. ಮೂರು ಹನ್ನೆರಡು ಮೂವತ್ತೊಂದು. ಮನೆ ಹದಿನಾಲ್ಕು. ಕಾಯುತ್ತಿದ್ದವರು ತಾವಾಗಿ ಬಿಟ್ಟರು.

ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದೆ. ಕಚ್ಚಿಕೊಂಡವರು ತಾವಾಗಿ ಬಿಡಬಹುದು ಎಂಬುದೇ ನಮ್ಮೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರೂ ಒಮ್ಮೆಯೂ ಪ್ರಯತ್ನಪಟ್ಟಿರಲಿಲ್ಲ. ಎಲ್ಲರೂ ಯಂತ್ರ ಬಂದು ಬಿಡಿಸಲಿ ಎಂದು ಕಾಯುವವರೇ. ಅಕ್ಕ ಸುಮ್ಮನೆ ಕೈ ಬಿಟ್ಟಿದ್ದಾಳೆ, ಅಷ್ಟೇ. ಕೈ ಬಿಟ್ಟು, ಒಂಬತ್ತು ಸೆಕೆಂಡಿನ ಒಳಗೆ ಮುಂದೇನು ಎಂದು ಯೋಚಿಸಿ, ತಲೆ ಕೆರೆದುಕೊಂಡಿದ್ದಾಳೆ. ಹಾಗಾದರೆ ಅವಳಿಗೆ ಎಲ್ಲವೂ ನೆನಪಿದೆ. ಹನ್ನೊಂದು ವರ್ಷವೂ ನೆನಪಿದೆ, ನಾಯಿ ಕಾಲೆತ್ತುವ ಹಾಳೆಯೂ ನೆನಪಿದೆ, ಪಾಸ್‌ವರ್ಡಂತೂ ನೆನಪಿದ್ದೇ ಇರುತ್ತದೆ. ನಾನು ಕ್ಷಮಿಸು ಎನ್ನುವ ಕಷ್ಟವೇ ಇರಬಾರದು ಎಂದು ಮರೆತವಳ ಹಾಗೆ ಕೂತು ಇಡ್ಲಿ ತಿಂದಿದ್ದಾಳೆ.

ಆ ಸಾಲನ್ನು ಬಹಳ ಹೊತ್ತು ನೋಡುತ್ತಾ ಕೂತೆ. ಅಳಿಸಬಹುದಿತ್ತು. ಅಳಿಸಲಿಲ್ಲ. ಪರದೆ ಆರಿಸಿ, ಬಾಗಿಲು ಹಾಕಿಕೊಂಡು, ಹದಿನಾಲ್ಕನೇ ನಂಬರಿನ ಬಾಗಿಲಿಗೆ ಬಂದೆ. ಅಕ್ಕ ಮೊರದಲ್ಲಿ ಉದ್ದಿನಬೇಳೆ ಆರಿಸುತ್ತಿದ್ದಳು.

"ಯಾಕೇ ಇಷ್ಟು ಹೊತ್ತು?"

"ಲಾಗ್ ಓದ್ತಿದ್ದೆ."

ಬೇಳೆ ಆರಿಸುತ್ತಿದ್ದ ಬೆರಳು ನಿಂತಿತು. "ಏನಂತ ಬರ್ಕೊಂಡಿದೆ ಅದರಲ್ಲಿ?"

"ಅಂಬುಜಾಕ್ಷಿಗೆ ಎಲ್ಲ ಮರೆತುಹೋಗಿದೆ ಅಂತ," ಎಂದೆ.

ಅಕ್ಕ ತಲೆ ಎತ್ತಿ ನನ್ನನ್ನು ಒಂದು ಕ್ಷಣ ನೋಡಿದಳು. ಆಮೇಲೆ ಮೊರವನ್ನು ನನ್ನ ಕಡೆಗೆ ತಳ್ಳಿ, ಪಕ್ಕಕ್ಕೆ ಸರಿದು ಚಾಪೆಯಲ್ಲಿ ಜಾಗ ಬಿಟ್ಟಳು.

"ಮೆಷಿನ್ ಸುಳ್ಳು ಹೇಳುತ್ತಾ?" ಎಂದಳು. "ಕೂತ್ಕೋ. ಕಲ್ಲು ಜಾಸ್ತಿ ಇದೆ, ಇಬ್ಬರೂ ಆರ್ಸೋಣ."